ತೊಳೆದ ತತ್ತಿ

ಏಳನೆಯ ತತ್ತಿಯನ್ನು ಅಂಬಪ್ಪ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬುಡದಲ್ಲಿ ಇನ್ನೂ ಒಂದಿಷ್ಟು ಹಿಕ್ಕೆಯ ಕಲೆ ಉಳಿದಿತ್ತು. ತೆಂಗಿನ ನಾರಿಗೆ ಇನ್ನೊಂದು ಚಿಟಿಕೆ ಸೋಡಾ ಹಚ್ಚಿಕೊಂಡು, ಬಕೆಟ್ಟಿನ ತಣ್ಣೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಿದ. ಕಲೆ ಹೋಯಿತು. ಕಲೆಯ ಜೊತೆಗೆ ಅದರ ನೆತ್ತಿಯ ಮೇಲಿದ್ದ ಇದ್ದಿಲಿನ ಗೆರೆಯೂ ಹೋಯಿತು. ಒಗೆಯುವ ಕಲ್ಲಿನ ಮೇಲೆ ಹಾಸಿದ್ದ ಟವೆಲಿನಲ್ಲಿ ಉಳಿದ ಆರರ ಸಾಲಿಗೆ ಅದನ್ನೂ ಇಟ್ಟು, ಸಾಲು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದ. ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ದುಡಿದವನು. ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿ ಗೊತ್ತಿರಲಿಲ್ಲ.

ಅವನು ನಿವೃತ್ತನಾಗಿ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಮಸ್ಕಿಯಿಂದ ಸಿಂಧನೂರಿನ ಕಡೆ ಹೋಗುವಾಗ ಕಾಲುವೆ ದಾಟಿದರೆ ಸಿಗುವ ಈ ಊರಿಗೆ ಅವನು ಅಷ್ಟು ವರ್ಷವೂ ಬರುತ್ತಿದ್ದದ್ದು ವಾರಕ್ಕೊಮ್ಮೆ, ರಜೆಯ ಹಿಂದಿನ ಸಂಜೆಯ ಬಸ್ಸಿಗೆ. ಒಂದು ಹಗಲು ಇದ್ದು, ಮರುದಿನ ಮೊದಲ ಬಸ್ಸಿಗೆ ವಾಪಸು. ಹೆಂಡತಿ ಯಮನಮ್ಮ ಕಂಪನಿಯ ಕ್ವಾರ್ಟರ್ಸಿಗೆ ಬಂದು ಇರಲಿಲ್ಲ. ಎರಡೆಕರೆ ಹೊಲ, ಹಾಸಿಗೆ ಹಿಡಿದ ಅತ್ತೆ, ಆಮೇಲೆ ಮಗಳು, ಎಲ್ಲದರ ಜೊತೆಗೆ ಕೋಳಿಗಳು, ಯಾವುದೂ ಅವಳ ಸೆರಗು ಬಿಡಲಿಲ್ಲ. ಹೀಗಾಗಿ ಗಂಡ ಎಂದರೆ ವಾರಕ್ಕೊಮ್ಮೆ ಬರುವ ಬೀಗ. ಬಂದ ಕೂಡಲೇ ಕಾಲಿಗೆ ನೀರು, ಕೂರಲು ಕುರ್ಚಿ, ಗಾಜಿನ ಗ್ಲಾಸಿನಲ್ಲಿ ಚಹಾ. ಈಗ ನಾಲ್ಕು ತಿಂಗಳಿಂದ ಮನೆಯಲ್ಲೇ ಬಿದ್ದುಕೊಂಡಿದ್ದರೂ ಆ ಕುರ್ಚಿ, ಆ ಗ್ಲಾಸು ತಪ್ಪಿರಲಿಲ್ಲ. ಕಸಬರಿಗೆ ಹಿಡಿದರೆ, "ಬ್ಯಾಡ್ರಿ, ನೀವು ಕುಂದರ್ರಿ." ಕೊಡ ಎತ್ತಿದರೆ, "ಅಯ್ಯ, ನೀವು ಕುಂದರ್ರಿ." ಕೂತು ಕೂತು ಅಂಬಪ್ಪನಿಗೆ ಬೆನ್ನು ನೋವು ಬಂದಿತ್ತು. ನೆಲದಡಿ ಎರಡು ಸಾವಿರ ಅಡಿಯಲ್ಲಿ ಬಾರದ ಬೆನ್ನು ನೋವು ಕುರ್ಚಿಯ ಮೇಲೆ ಬಂತಲ್ಲ ಎಂದು ಅವನಿಗೇ ನಗು. ಆದರೆ ತನ್ನ ಮನೆಯಲ್ಲಿ ತಾನು ನೆಂಟ ಎಂಬುದು ಒಳಗೊಳಗೇ ನಿಜಕ್ಕೂ ನೋಯುತ್ತಿತ್ತು.

ಈ ಬೆಳಿಗ್ಗೆ ಜವಳಗೇರಾದಿಂದ ಸುದ್ದಿ ಬಂದಿತ್ತು. ಅಲ್ಲಿಗೆ ಕೊಟ್ಟಿದ್ದ ಮಗಳು ಬಸ್ಸಮ್ಮನಿಗೆ ಎರಡನೆಯ ಹೆರಿಗೆಯಾಗಿತ್ತು, ಹೆಣ್ಣು ಮಗು. ಯಮನಮ್ಮ ಗಡಿಬಿಡಿಯಲ್ಲಿ ಚೀಲ ತುಂಬಿಕೊಂಡು ಬಸ್ಸು ಹತ್ತಿದಳು. ಹೋಗುವಾಗ, "ಕೋಳಿಗೆ ಎರಡು ಹೊತ್ತು ಕಾಳು ಹಾಕ್ರಿ, ಸಂಜೀಗೆ ಬುಟ್ಟಿ ಮುಚ್ಚರಿ. ನಾ ನಾಡದು ಬರ್ತೀನಿ," ಎಂದಿದ್ದಳು. ನಾಲ್ಕು ತಿಂಗಳಲ್ಲಿ ಅವಳು ಅವನಿಗೆ ಹೇಳಿದ ಮೊದಲ ಕೆಲಸ ಅದು. ಕಾಳು ಹಾಕುವುದು ಎರಡು ನಿಮಿಷದ ಕೆಲಸ. ಅಷ್ಟಕ್ಕೇ ಕೈಕಟ್ಟಿ ಕೂರಲು ಅವನಿಗೆ ಮನಸ್ಸು ಬರಲಿಲ್ಲ. ಒಳಕೋಣೆಗೆ ಹೋದ. ಮೂಲೆಯ ತಂಪಿನಲ್ಲಿ ಒಂದು ಹಳೆ ಗಡಿಗೆ, ಅದರ ತುಂಬ ಭತ್ತದ ಹೊಟ್ಟು, ಹೊಟ್ಟಿನಲ್ಲಿ ಹುಗಿದಿಟ್ಟ ಹನ್ನೊಂದು ತತ್ತಿ. ಒಂದೊಂದೂ ಬೂದಿ ಮೆತ್ತಿಕೊಂಡು, ಹಿಕ್ಕೆ ಅಂಟಿಸಿಕೊಂಡು, ನೆತ್ತಿಯ ಮೇಲೆ ಇದ್ದಿಲಿನ ಗೆರೆ ಬೇರೆ. ಕಂಪನಿಯ ಕ್ಯಾಂಟೀನಿನಲ್ಲಿ ಬೆಳ್ಳಗೆ ಹೊಳೆಯುವ ತತ್ತಿ ತಿಂದವನಿಗೆ ಇದನ್ನು ನೋಡಿ ಕಸಿವಿಸಿಯಾಯಿತು. ಹೆಂಡತಿ ಬರುವಷ್ಟರಲ್ಲಿ ಇವನ್ನೆಲ್ಲ ಸಾಫ್ ಮಾಡಿಟ್ಟರೆ ಮೆಚ್ಚಿಯಾಳು ಎನ್ನಿಸಿತು.

ಹನ್ನೊಂದನೆಯದನ್ನು ಟವೆಲಿನ ಮೇಲಿಟ್ಟು ಕೈ ಒರೆಸಿಕೊಳ್ಳುವಾಗ ಪಕ್ಕದ ಮನೆಯ ರಾಜಾಬೀ ಮಜ್ಜಿಗೆ ತಂಬಿಗೆ ಹಿಡಿದು ಹಿತ್ತಲ ಬಾಗಿಲಿನಿಂದ ಬಂದಳು. ಯಮನಮ್ಮನ ಇಪ್ಪತ್ತೈದು ವರ್ಷದ ಗೆಳತಿ. ಕಲ್ಲಿನ ಮೇಲಿನ ಸಾಲು ನೋಡಿದವಳೇ ತಂಬಿಗೆಯನ್ನು ನೆಲಕ್ಕಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

"ಯಾ ಅಲ್ಲಾ! ಇದೇನು ಮಾಡೀರಿ ಅಂಬಣ್ಣ?"

"ಸಾಫ್ ಮಾಡೀನವ್ವ. ನೋಡು, ಹೆಂಗ ಹೊಳ್ಯಾಕತ್ಯಾವು."

"ತೊಳದೀರಿ? ನೀರಾಗ?"

"ಬರೀ ನೀರಿಗೆ ಎಲ್ಲಿ ಹೋಗ್ತೈತಿ ಹೊಲಸು? ಸೋಡಾ ಹಾಕಿ ತಿಕ್ಕೀನಿ."

ರಾಜಾಬೀ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. "ತಿನ್ನೋ ತತ್ತಿ ಆಗಿದ್ರ ನೀವು ಸೋಡಾರ ಹಾಕ್ರಿ, ಸಾಬಾಣರ ಹಾಕ್ರಿ. ಇವು ಕಾವಿಗೆ ಅಂತ ಇಟ್ಟಿದ್ವಲ್ರಿ. ಗೆರಿ ಹಾಕಿದ್ದು ಕಾಣಲಿಲ್ಲೇನು? ಕೋಳಿ ತತ್ತಿ ಹಾಕುವಾಗ ಅದರ ಮ್ಯಾಲೆ ಒಂದು ತೆಳ್ಳನ ಪೊರಿ ಹಚ್ಚೇ ಹಾಕತೈತಿ. ಒಳಗ ಹೊಲಸು ಹೋಗದಂಗ ಅದೇ ಕಾಯೋದು. ಯಮನಕ್ಕ ಒಣ ಅರಿವೀಲೆ ಮ್ಯಾಲ್ಮ್ಯಾಲ ಒರಸಿ, ಬೂದಿ ಹಚ್ಚಿ, ಚೂಪನ ತುದಿ ಕೆಳಗ ಮಾಡಿ ಗಡಿಗ್ಯಾಗ ಇಡತಾಳ. ಒಂದು ಹನಿ ನೀರು ಮುಟ್ಟಸಂಗಿಲ್ಲ. ತೊಳದ ತತ್ತಿ ಕಾವಿಗೆ ಇಟ್ರ ಒಳಗ ಕೊಳತು ನಾರತಾವ್ರಿ."

"ಎಲ್ಲಾನೂ?"

"ದೇವರಿಗೇ ಗೊತ್ತು. ನನ್ನ ಸಣ್ಣ ನಾದಿನಿ ಒಂದು ಸಲ ಹಿಂಗ ಮಾಡಿದ್ಲು, ಹದಿಮೂರರಾಗ ಒಂದೂ ಮರಿ ಆಗಲಿಲ್ಲ."

ಅಂಬಪ್ಪ ಟವೆಲಿನ ಮೇಲಿನ ಸಾಲನ್ನು ನೋಡಿದ. ಅವು ಎಂಥ ತತ್ತಿ ಎಂಬುದು ಅವನಿಗೆ ಗೊತ್ತಿರದೆ ಇರಲಿಲ್ಲ. ಉತ್ಸಾಹದಲ್ಲಿ ಮರೆತಿದ್ದ, ಅಷ್ಟೇ. ದೀಪಾವಳಿ ಕಳೆದ ಮೇಲೆ ಊರಿಗೆ ಬಂದ ಕೋಳಿ ಬೇನೆ ಇಡೀ ಓಣಿಯ ಬುಟ್ಟಿಗಳನ್ನು ಖಾಲಿ ಮಾಡಿತ್ತು. ರಾಜಾಬೀಯ ಎಂಟೂ ಹೋದವು. ಯಮನಮ್ಮನ ಇಪ್ಪತ್ತೆರಡರಲ್ಲಿ ಉಳಿದದ್ದು ಒಂದು ಬೂದುಬಣ್ಣದ ಕೋಳಿ, ಒಂದು ಹುಂಜ. ಹೋದ ವಾರ ಆ ಹುಂಜನನ್ನೂ ಬೀದಿನಾಯಿ ಹಿಡಿದಿತ್ತು. ಯಮನಮ್ಮ ಅದನ್ನು ಸಾರಿಗೆ ಹಾಕದೆ ಹಿತ್ತಲಲ್ಲಿ ಗುಂಡಿ ತೋಡಿ ಹೂತಿದ್ದಳು. ಆ ಜೋಡಿಯ ಕಡೆಯ ತತ್ತಿಗಳು ಇವು. ಮದುವೆಯಾಗಿ ಬರುವಾಗ ಅವಳ ಅವ್ವ ಲಿಂಗಸುಗೂರಿನ ಕಡೆಯ ತವರುಮನೆಯಿಂದ ಬುಟ್ಟಿಯಲ್ಲಿ ಕೂಡಿಸಿ ಕಳಿಸಿದ್ದ ಕೋಳಿಯ ಸಂತಾನ. ಸಂತೆಯಿಂದ ಬೇರೆ ಕೋಳಿ ತರೋಣವೆಂದು ಅವನು ಒಮ್ಮೆ ಅಂದದ್ದಕ್ಕೆ ಅವಳು ಎದ್ದು ಒಳಗೆ ಹೋಗಿದ್ದಳು.

"ರಾಜವ್ವ, ಅಕೀಗೆ ಹೇಳಬ್ಯಾಡ," ಎಂದ ಅಂಬಪ್ಪ.

"ನಾ ಯಾಕ ಹೇಳಲಿ? ನೀವ ಹೇಳ್ರಿ. ಬೈದ್ರ ಒಂದು ದಿನ ಬೈತಾಳ." ರಾಜಾಬೀ ಎದ್ದು, ಕಲ್ಲಿನ ಮೇಲಿನ ಸಾಲನ್ನು ಇನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಹೋದಳು.

ಆ ಮಧ್ಯಾಹ್ನ ಅಂಬಪ್ಪ ಮಾಡಿದ ಕೆಲಸವನ್ನು ಹಟ್ಟಿಯ ಜೊತೆಗಾರರು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಒಲೆಯ ಬೂದಿ ತೋಡಿ, ಜರಡಿ ಹಿಡಿದು, ಅಷ್ಟು ಮುತುವರ್ಜಿಯಿಂದ ತೊಳೆದ ತತ್ತಿಗಳನ್ನು ಅಷ್ಟೇ ಮುತುವರ್ಜಿಯಿಂದ ಬೂದಿಯಲ್ಲಿ ಹೊರಳಾಡಿಸಿ ಹೊಲಸು ಮಾಡಿದ. ಇದ್ದಿಲಿನಿಂದ ಒಂದೊಂದರ ನೆತ್ತಿಗೂ ಗೆರೆ ಎಳೆದ. ಹೊಟ್ಟಿನಲ್ಲಿ ಚೂಪು ತುದಿ ಕೆಳಗೆ ಮಾಡಿ ಹುಗಿದ. ಅವನಿಗೆ ನಗು ಬರಲಿಲ್ಲ.

ಮೂರನೆಯ ದಿನ ಯಮನಮ್ಮ ಬಂದಳು. ಮೊಮ್ಮಗಳ ಮೂಗು ಹೀಗೆ, ಕೂದಲು ಹೀಗೆ ಎಂದು ಬಸ್ಸಿಳಿದಾಗಿನಿಂದ ಬಾಯಿಗೆ ಬಿಡುವಿಲ್ಲ. ಇಂಥ ಖುಷಿಯ ನಡುವೆ ಸೋಡಾದ ಮಾತು ತೆಗೆಯುವುದು ಹೇಗೆಂದು ಅಂಬಪ್ಪ ಬಾಯಿಗೆ ಬೀಗ ಹಾಕಿಕೊಂಡ. ಅಷ್ಟರಲ್ಲಿ ಕೋಳಿಯೂ ಕಾವಿಗೆ ಬಂದಿತ್ತು. ಮೈಗರಿ ಕೆದರಿಕೊಂಡು, ಕೊರ್ ಕೊರ್ ಎನ್ನುತ್ತ, ಬರಿಯ ಬುಟ್ಟಿಯಲ್ಲೇ ಕೂತು ಏಳಲೊಲ್ಲದು. ಅಮಾವಾಸ್ಯೆ ಇನ್ನೂ ದೂರವಿದೆ ಎಂದು ಲೆಕ್ಕ ಹಾಕಿ ಯಮನಮ್ಮ ಅಂದೇ ತತ್ತಿ ಇಡಲು ಕೂತಳು. ಅಗಲ ಬುಟ್ಟಿಗೆ ಹುಲ್ಲು ಹಾಸಿ, ಹೊಟ್ಟು ಸುರಿದು, ಗುಡುಗು ಸಿಡಿಲಿಗೆ ಒಳಗಿನ ಜೀವ ಬೆದರದಿರಲಿ ಎಂದು ಒಂದು ಕಬ್ಬಿಣದ ಮೊಳೆ, ಎರಡು ಒಣಮೆಣಸಿನಕಾಯಿ, ಒಂದು ಇದ್ದಿಲು ಅಡಿಯಲ್ಲಿಟ್ಟಳು. ಗಡಿಗೆಯಿಂದ ತತ್ತಿಗಳನ್ನು ಒಂದೊಂದಾಗಿ ತೆಗೆದು ಕೈಯಲ್ಲಿ ತೂಗಿದಳು. ಅಂಬಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಗೆರಿ ದಪ್ಪ ಆಗ್ಯಾವಲ್ಲ?"

"ಅಳಿಸಿದ್ವು. ನಾನ ಮತ್ತ ಹಾಕೀನಿ."

"ಚಲೋ ಮಾಡಿದ್ರಿ," ಎಂದಳು ಯಮನಮ್ಮ.

ನಾಲ್ಕು ತಿಂಗಳಲ್ಲಿ ಸಿಕ್ಕ ಮೊದಲ ಮೆಚ್ಚುಗೆ. ಅದೂ ಇದಕ್ಕೆ. ಅಂಬಪ್ಪನಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಅವಳು ಕೋಳಿಯನ್ನು ಎತ್ತಿ ಬುಟ್ಟಿಯ ಮೇಲೆ ಬಿಟ್ಟಳು. ಅದು ಕೊಕ್ಕಿನಿಂದ ತತ್ತಿಗಳನ್ನು ಎಳೆದು ಹೊಟ್ಟೆಯಡಿಗೆ ಸೇರಿಸಿಕೊಂಡು ಕಣ್ಣು ಅರೆಮುಚ್ಚಿತು. ಯಮನಮ್ಮ ಅದರ ಬೆನ್ನು ಸವರುತ್ತ, ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು: "ಇವು ಆದ್ರ ಆದ್ವು. ಆಗಲಿಲ್ಲಾಂದ್ರ ನಾ ಇನ್ನ ಕೋಳಿ ಸಾಕಂಗಿಲ್ಲ. ನಮ್ಮವ್ವನ ಕೋಳಿ ನಮ್ಮವ್ವನ ಹಿಂದ ಹೋದ್ವು ಅಂದ್ಕೊಂತೀನಿ."

ಹೇಳಬೇಕಾಗಿದ್ದದ್ದು ಆಗಲೇ. ಹೇಳಲಿಲ್ಲ. ಮರುದಿನ ಹೇಳೋಣ ಎಂದುಕೊಂಡ. ಮರುದಿನ ಬಂದಾಗ, ನಿನ್ನೆ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಬೇಕಾಯಿತು. ಹೀಗೆ ದಿನಕ್ಕೊಂದು ಸುಳ್ಳು ಮೈಮೇಲೆ ಬೆಳೆಯುತ್ತ ಹೋಯಿತು. ಅಂಬಪ್ಪನಿಗೆ ರೊಟ್ಟಿ ಸೇರದಾಯಿತು. ಹಗಲಿಗೆ ಹತ್ತು ಸಲ ಒಳಕೋಣೆಗೆ ಹೋಗಿ ಬುಟ್ಟಿಯ ಹತ್ತಿರ ಮೂಗು ತಂದು ನಾತ ಬರುತ್ತಿದೆಯೇ ಎಂದು ಮೂಸುವುದು, ಕೋಳಿ ಸಿಟ್ಟಿಗೆದ್ದು ಮುಂಗೈ ಕುಕ್ಕಿದರೆ ಹಿಂದೆ ಸರಿಯುವುದು. ಕೋಳಿ ಅಲ್ಲಿ ನಂಬಿ ಕೂತಿದ್ದನ್ನು ನೋಡಿ ಮರುಗುತ್ತಿದ್ದ. ಸರಿಯಾಗಿ ತಿನ್ನದೆ, ಕುಡಿಯದೆ, ಎಂದೂ ಮರಿಯಾಗದ ತತ್ತಿಗಳಿಗೆ ಮೈಬಿಸಿ ಕೊಡುತ್ತಿದೆಯಲ್ಲ ಬಡಪಾಯಿ ಎಂದು.

ಗಂಡ ಉಣ್ಣದ್ದನ್ನು ಯಮನಮ್ಮ ನೋಡುತ್ತಲೇ ಇದ್ದಳು. ಅವಳಿಗೆ ಹೊಳೆದ ಕಾರಣ ಬೇರೆ. ಹಿಂದಿನ ತಿಂಗಳು ಹಟ್ಟಿಯ ಹಳೆ ಜೊತೆಗಾರ ಕನಕರಾಯ ಬಂದು, ಅಲ್ಲಿ ಒಬ್ಬ ಗುತ್ತಿಗೆದಾರನ ಷೆಡ್ಡಿಗೆ ವಾಚ್‌ಮನ್ ಬೇಕಾಗಿದೆ, ಬರುತ್ತೀಯಾ ಎಂದು ಕೇಳಿ ಹೋಗಿದ್ದ. ಅದಾದ ಮೇಲೆಯೇ ಇವರಿಗೆ ಊಟ ಸೇರುತ್ತಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ರೊಟ್ಟಿಗೆ ಬೆಣ್ಣೆ ಹೆಚ್ಚಾಯಿತು, ಚಹಾಕ್ಕೆ ಯಾಲಕ್ಕಿ ಬಿತ್ತು. "ನಿಮಗ ಇಲ್ಲಿ ಬ್ಯಾಸರ ಆಗೈತೇನ್ರಿ?" ಎಂದು ಒಂದು ದಿನ ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಅವಳಿಗೆ ಹೌದು ಎಂದಂತೆ ಕಂಡಿತು.

ತತ್ತಿ ಕಾವಿಗಿಟ್ಟ ಎಂಟನೆಯ ದಿನ ಅಂಬಪ್ಪ ಒಳಕೋಣೆಯಲ್ಲಿ ಹಗ್ಗ ಹುಡುಕುತ್ತಿದ್ದ. ಹಾಡುಹಗಲೇ ಕತ್ತಲಿರುವ ಕೋಣೆ ಅದು. ಮಾಳಿಗೆಯ ಬೆಳಕಿಂಡಿ ಬಿಟ್ಟರೆ ಕಿಟಕಿಯಿಲ್ಲ. ಮೂರು ಸೆಲ್ಲಿನ ಬ್ಯಾಟರಿ ಹಾಕಿಕೊಂಡು ಅಟ್ಟದ ಮೇಲೆ ಕೈಯಾಡಿಸುವಾಗ ಅಂಗೈ ಅದರ ಗಾಜಿಗೆ ಅಡ್ಡ ಬಂತು. ಬೆರಳುಗಳ ಸಂದಿ ಕೆಂಪಗೆ ಬೆಳಗಿತು. ಗಣಿಯ ಕೆಳಗೆ ಹೊಸದಾಗಿ ಇಳಿದ ಹುಡುಗರೆಲ್ಲ ಟೋಪಿಯ ದೀಪಕ್ಕೆ ಕೈಯಿಟ್ಟು ಆಡುವ ಆಟ ಇದು, ಅವನೂ ಆಡಿದ್ದ. ಚರ್ಮ, ಮಾಂಸ ದಾಟಿ ಬರುವ ಬೆಳಕು ಇಷ್ಟು ತೆಳ್ಳನೆಯ ತತ್ತಿಯ ಸಿಪ್ಪೆ ದಾಟಿ ಬಾರದೇನು? ಅಂಬಪ್ಪ ಹಗ್ಗ ಮರೆತು ಹಾಗೇ ನಿಂತ.

ಮರುದಿನ ಯಮನಮ್ಮ ರೊಟ್ಟಿ ಗಂಟು ಕಟ್ಟಿಕೊಂಡು ನಾಟಿಗೆ ಹೋದದ್ದೇ ತಡ, ಅವನು ತಯಾರಿಗೆ ನಿಂತ. ಕಂಪನಿಯ ಬೂಟಿನ ಡಬ್ಬಿಯ ರಟ್ಟು ಕತ್ತರಿಸಿ, ತತ್ತಿ ಕೂರುವಷ್ಟು ತೂತು ಕೊರೆದು, ಬ್ಯಾಟರಿಯ ಮೂತಿಗೆ ಕಟ್ಟಿದ. ಏಣಿ ಹತ್ತಿ ಬೆಳಕಿಂಡಿಗೆ ಪರಾತ ಮುಚ್ಚಿದ. ಕಾವಿಗೆ ಕೂತ ಕೋಳಿ ಹಗಲಿಗೆ ಒಮ್ಮೆ, ಮಧ್ಯಾಹ್ನ, ಬುಟ್ಟಿಯಿಂದ ಇಳಿದು ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ವಾಪಸು ಬರುತ್ತದೆ. ಅಷ್ಟರೊಳಗೆ ಮುಗಿಯಬೇಕು. ಅದು ಇಳಿದು ಹಿತ್ತಲಿಗೆ ಹೋಯಿತು. ಅಂಬಪ್ಪ ಬಾಗಿಲು ಮುಂದೆ ಮಾಡಿ ಬುಟ್ಟಿಯ ಮುಂದೆ ಕೂತ.

ಮೊದಲ ತತ್ತಿ ತೂತಿನ ಮೇಲಿಟ್ಟ. ಒಳಗೆ ಬರೀ ಬೆಳಕು, ಹಳದಿ ಛಾಯೆ. ಏನೂ ಇಲ್ಲ. ಎರಡನೆಯದು. ಅದೂ ಖಾಲಿ. ಮುಗೀತು, ರಾಜಾಬೀ ಹೇಳಿದ್ದೇ ಖರೆ ಎಂದುಕೊಂಡ. ಮೂರನೆಯದನ್ನು ಇಡಲೋ ಬೇಡವೋ ಎಂದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು, ಕಡೆಗೆ ಇಟ್ಟ.

ಕೆಂಪು ನರಗಳು. ನೂಲಿನಷ್ಟು ಸಣ್ಣವು, ಒಂದು ಕಡೆಯಿಂದ ಹೊರಟು ಇಡೀ ತತ್ತಿಯ ತುಂಬ ಹರಡಿದ್ದವು. ಅವುಗಳ ನಡುವೆ ಹೆಸರುಕಾಳಿನಷ್ಟು ಕಪ್ಪು. ಅವನು ನೋಡುತ್ತಿದ್ದಂತೆ ಆ ಕಪ್ಪು ಅಲುಗಿತು.

"ಎಪ್ಪಾ!" ಎಂದುಬಿಟ್ಟ ಅಂಬಪ್ಪ, ಗಟ್ಟಿಯಾಗಿ. ಎದೆಯ ಮೇಲೆ ಇಷ್ಟು ದಿನದಿಂದ ಕೂತಿದ್ದ ಬಂಡೆ ಉರುಳಿತು. ಬೆಳಗುತ್ತಿದ್ದ ತತ್ತಿ ಕಣ್ಣ ಮುಂದೆ ಮಂಜಾಯಿತು. ಆಗಷ್ಟೇ ಅವನಿಗೆ ತಾನು ಅಳುತ್ತಿರುವುದು ಗೊತ್ತಾದದ್ದು. ಟವೆಲಿನಿಂದ ಕಣ್ಣೊರೆಸಿಕೊಂಡು ನಾಲ್ಕನೆಯದಕ್ಕೆ ಕೈಹಾಕಿದ.

ಬಾಗಿಲು ತೆರೆದುಕೊಂಡಿತು. ಎಲೆಯಡಿಕೆ ಚೀಲ ಮರೆತು ಹೋಗಿದ್ದ ಯಮನಮ್ಮ ಅದಕ್ಕಾಗಿ ವಾಪಸು ಬಂದಿದ್ದಳು. ಕೆಸರುಗಾಲು, ಮೇಲೆ ಕಟ್ಟಿದ ಸೀರೆ. ಅವಳಿಗೆ ಕಂಡದ್ದು ಕೋಳಿಯಿಲ್ಲದ ಬುಟ್ಟಿ, ಕತ್ತಲು, ನೆಲದ ಮೇಲೆ ಕೂತು ಕಣ್ಣೊರೆಸುವ ಗಂಡ, ಅವನ ಕೈಯಲ್ಲಿ ತತ್ತಿ.

"ಏನ್ ಮಾಡಾಕತ್ತೀರಿ?"

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಅಂಬಪ್ಪ ಎಲ್ಲವನ್ನೂ ಹೇಳಿದ. ನಾರು, ಸೋಡಾ, ತಣ್ಣೀರು, ರಾಜಾಬೀ, ಬೂದಿ, ಗೆರೆ. ಹೇಳುತ್ತ ಹೇಳುತ್ತ ಅವಳ ಮುಖ ನೋಡಲಾಗದೆ ತತ್ತಿಯನ್ನೇ ನೋಡುತ್ತಿದ್ದ.

"ಅರಿವಿ ಸೋಡಾ?" ಯಮನಮ್ಮನ ದನಿ ಏರಿತು. "ಅರಿವಿ ಸೋಡಾ ಹಾಕಿ ತಿಕ್ಕೀರಿ? ನಮ್ಮವ್ವನ ಕೋಳಿ ಅವು! ನಿಮ್ಮವ್ವ ಹಾಸಿಗಿ ಹಿಡದಾಗ ಅವುಗಳ ತತ್ತೀನ ಕುದಿಸಿ ಹಾಕೀನಿ, ಬಸ್ಸಿ ಬಾಣಂತನ ಅವುಗಳ ಮ್ಯಾಲೇ ಮಾಡೀನಿ. ಕಾಳು ಹಾಕ್ರಿ, ಬುಟ್ಟಿ ಮುಚ್ಚರಿ ಅಂದ್ನಿ, ಅಷ್ಟು ಮಾಡಿ ಸುಮ್ಮನ ಕುಂದ್ರಾಕ ಆಗಲಿಲ್ಲೇನು ನಿಮಗ?"

"ಆಗಲಿಲ್ಲ!" ಅಂಬಪ್ಪನೂ ಕೂಗಿದ. "ಎಷ್ಟಂತ ಕುಂದರಲಿ? ನಾಲ್ಕು ತಿಂಗಳಾತು, ಕುಂದರ್ರಿ ಕುಂದರ್ರಿ ಅಂತೀ. ಬೀಗರು ಬಂದಂಗ ನನಗ ಕುರ್ಚಿ ಹಾಕ್ತೀ. ಇದು ನನ್ನ ಮನಿ ಹೌದೋ ಅಲ್ಲೋ ಅಂತ ನನಗ ತಿಳೀದಂಗ ಆಗೈತಿ. ಏನರ ಒಂದು ಕೆಲಸ ನಿನ್ನ ಕೈಲೆ ಚಲೋ ಅನ್ನಿಸ್ಕೋಬೇಕು ಅಂತ ಮಾಡೀನಿ. ತಪ್ಪಾಗೈತಿ, ದೊಡ್ಡ ತಪ್ಪಾಗೈತಿ."

ಹಿತ್ತಲಿನಲ್ಲಿ ಕೋಳಿ ಮಣ್ಣು ಕೆದರುವ ಸದ್ದು ಕೇಳುತ್ತಿತ್ತು.

"ಅದಕ್ಕೇನು ಉಣ್ಣದ ಬಿಟ್ಟಿದ್ದು?" ಎಂದು ಕೇಳಿದಳು ಯಮನಮ್ಮ.

"ಮತ್ತ್ಯಾಕ?"

"ಹಟ್ಟಿಗೆ ವಾಪಸ್ ಹೊಂಟೀರಿ ಅಂದ್ಕೊಂಡಿದ್ನಿ ನಾ." ಅವಳು ಗೋಡೆಗೆ ಒರಗಿದಳು. ಮೈಯಿಂದ ಏನೋ ಇಳಿದುಹೋದಂತೆ ಭುಜಗಳು ಸಡಿಲಾದವು. "ಮೂವತ್ತು ವರ್ಷ ಒಬ್ಬಾಕೀನ ಇದ್ದೀನಿ, ಇನ್ನ ಆಗಂಗಿಲ್ಲ ಅಂತ ನಿಮಗ ಹೆಂಗ ಹೇಳಬೇಕು ಅಂತ ಹೊಲದಾಗ ನಿಂತು ದಿನಾ ಮಾತು ಜೋಡಸ್ತಿದ್ನಿ."

ಅಂಬಪ್ಪ ಮೂರನೆಯ ತತ್ತಿಯನ್ನು ಎತ್ತಿ ಅವಳ ಕಡೆ ಚಾಚಿದ. "ಇಲ್ಲಿ ಬಾ. ಇದನ್ನ ನೋಡು."

"ಏನು ನೋಡೋದು?"

"ಬಾ ಅಂದ್ನಿ."

ಅವಳು ಬಾಗಿಲು ಮುಚ್ಚಿ ಅವನ ಪಕ್ಕದಲ್ಲಿ ಕೂತಳು. ಕೆಸರಿನ ವಾಸನೆ, ಭತ್ತದ ಸಸಿಯ ವಾಸನೆ. ಅವನು ತತ್ತಿಯನ್ನು ತೂತಿನ ಮೇಲಿಟ್ಟು ಬ್ಯಾಟರಿ ಹಾಕಿದ. ಯಮನಮ್ಮ ಬಗ್ಗಿ ನೋಡಿದಳು. ಮೂವತ್ತು ವರ್ಷದಲ್ಲಿ ಅವಳು ಎಷ್ಟು ಬುಟ್ಟಿ ಮರಿ ಎಬ್ಬಿಸಿದ್ದಳೋ ಲೆಕ್ಕವಿಲ್ಲ. ಕಿವಿಗೆ ಹಿಡಿದು, ಕೈಯಲ್ಲಿ ತೂಗಿ, ಬೆಚ್ಚಗಿದೆಯೇ ತಣ್ಣಗಿದೆಯೇ ನೋಡಿ ಹೇಳಬಲ್ಲವಳು. ಆದರೆ ಮುಚ್ಚಿದ ತತ್ತಿಯ ಒಳಗೆ ಅವಳು ಎಂದೂ ಇಣುಕಿರಲಿಲ್ಲ.

"ಇವು ಏನು, ಕೆಂಪನ್ನವು?"

"ನರ. ರಕ್ತ ಹರ್ಯಾಕತೈತಿ."

"ನಡುವ ಕರ್ರಗ ಐತಲ್ಲ..." ಅವಳ ಮಾತು ಅಲ್ಲಿಗೇ ನಿಂತಿತು. ಕಪ್ಪು ಮತ್ತೊಮ್ಮೆ ಅಲುಗಿತ್ತು. ಅವಳು ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಯ್ಯ ನನ್ನವ್ವ! ಜೀವ ಐತಲ್ರೀ!"

"ಐತಿ."

"ಸೋಡಾ ಹಾಕಿದ್ರ ಏನಾತು, ಗಟ್ಟಿ ಮುಂಡೇವು! ಇನ್ನೊಂದು ಇಡ್ರಿ. ಜಲ್ದಿ ಇಡ್ರಿ, ಅದು ಬರೋ ಹೊತ್ತಾತು."

ಅವನು ಒಂದೊಂದೇ ಇಟ್ಟ, ಅವಳು ನೋಡಿ ಹೇಳಿದಳು. ಐತಿ. ಐತಿ. ಇದರಾಗೂ ಐತಿ. ಒಂದರಲ್ಲಿ ಮಬ್ಬು ಮಬ್ಬು ಕಂಡು, ಮೂಸಿದರೆ ಕೆಟ್ಟ ನಾತ. ಅದನ್ನೂ ಖಾಲಿಯಾದ ಎರಡನ್ನೂ ಹೊರಗಿಟ್ಟರು. ಎಂಟರಲ್ಲಿ ಜೀವವಿತ್ತು. ಕಡೆಯದನ್ನು ಬುಟ್ಟಿಗಿಡುವಾಗ ಯಮನಮ್ಮನಿಗೆ ಇದ್ದಕ್ಕಿದ್ದಂತೆ ನಗು ಬಂತು. ಕೂಡಿಟ್ಟುಕೊಂಡಿದ್ದ ನಗು, ನಿಲ್ಲಿಸಲು ಹೋದಷ್ಟೂ ಉಕ್ಕಿತು. "ತೊಳದು, ಮತ್ತ ಬೂದ್ಯಾಗ ಹೊಳ್ಳಾಡಿಸೀರಿ! ದಪ್ಪ ದಪ್ಪ ಗೆರಿ! ಕಚೇರಿ ಕಾಗದಕ್ಕ ಗೆರಿ ಎಳದಂಗ!" ಅಂಬಪ್ಪನೂ ನಕ್ಕ. ಬಾಗಿಲ ಹೊರಗೆ ಕೋಳಿ ಬಂದು, ತನ್ನ ಕೋಣೆಯಿಂದ ಬರುವ ಈ ಸದ್ದು ಕೇಳಿ, ಒಳಗೆ ಬಿಡಿರೆಂದು ಗದ್ದಲ ಎಬ್ಬಿಸಿತು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಬುಟ್ಟಿಯೊಳಗಿನಿಂದ ಚಿಂವ್ ಚಿಂವ್ ಕೇಳಿಸಿತು. ಸಂಜೆಯ ಹೊತ್ತಿಗೆ ಏಳು ಮರಿ. ಎಂಟನೆಯದು ಸಿಪ್ಪೆ ಒಡೆಯುವಷ್ಟು ಬೆಳೆದೂ ಹೊರಬರಲಿಲ್ಲ. ಯಮನಮ್ಮ ಅದಕ್ಕೂ ಒಂದು ಘಳಿಗೆ ಲೊಚಗುಟ್ಟಿದಳು. ಏಳರಲ್ಲಿ ಎರಡು ತಾಯಿಯಂತೆ ಬೂದುಬಣ್ಣ. ಇನ್ನೊಂದು ನಿಂತ ನಿಲುವು ನೋಡಿ, "ಇದು ಹುಂಜ ಆಗತೈತಿ, ಬರದಿಟ್ಕೋರಿ," ಎಂದು ರಾಜಾಬೀ ಹೇಳಿದಳು. ಬೆಳೆದ ಮೇಲೆ ರಾಜಾಬೀಗೆ ಎರಡು ಕೊಡುವುದೆಂದೂ ಅಲ್ಲೇ ಮಾತಾಯಿತು. ಅಂಬಪ್ಪ ಅಂದು ಮೂರು ರೊಟ್ಟಿ ತಿಂದ.

ಮರಿಗಳಿಗೆ ಆರು ದಿನವಾಗಿತ್ತು. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಯಮನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ಅಂಬಪ್ಪ ಕಟ್ಟೆಯ ಮೇಲೆ ಹಳೆಯ ಪೇಪರು ಬಿಡಿಸಿಕೊಂಡು ಅರ್ಧ ಓದುತ್ತ, ಅರ್ಧ ತೂಕಡಿಸುತ್ತಿದ್ದ. ಕೋಳಿ ತನ್ನ ಏಳನ್ನೂ ಕರೆದುಕೊಂಡು ಹಿತ್ತಲಿನ ನಟ್ಟನಡುವಿನ ಬಯಲಿಗೆ ಹೋಗಿತ್ತು.

"ರೀ! ಹದ್ದು! ಹದ್ದು!" ಮಾಳಿಗೆಯಿಂದ ಯಮನಮ್ಮ ಇಡೀ ಓಣಿಗೆ ಕೇಳುವಂತೆ ಅರಚಿದಳು. "ಏನ್ ಮಕ್ಕೊಂಡೀರೇನು? ಎಲ್ಲಿ ನೋಡಾಕತ್ತೀರಿ? ಓಡ್ರಿ, ಮರಿ ಹೋದಾವು!"

ಅಂಬಪ್ಪ ಪೇಪರು ಬಿಸಾಡಿ ಓಡಿದ. ಚಪ್ಪಲಿ ಹಾಕಿಕೊಳ್ಳಲಿಲ್ಲ. ಧೋತರ ಮೇಲೆತ್ತಿಕೊಂಡು, ಹೆಗಲ ಟವೆಲು ಕಿತ್ತು ತಲೆಯ ಮೇಲೆ ಗಿರಗಿರನೆ ಬೀಸುತ್ತ, ಗಣಿಯಲ್ಲಿ ಸಿಡಿಮದ್ದಿಗೆ ಬೆಂಕಿಯಿಡುವ ಮೊದಲು ಕೂಗುತ್ತಿದ್ದ ಕೂಗನ್ನು ಎದೆಯಾಳದಿಂದ ಕೂಗಿದ. ನೆಲದ ಮೇಲೆ ಬರುತ್ತಿದ್ದ ಹದ್ದಿನ ನೆರಳು ಬೇಲಿಯ ಹತ್ತಿರ ತಿರುಗಿ ರಾಜಾಬೀಯ ಮನೆಯ ಮೇಲೆ ಹಾದು ಹೋಯಿತು. ಕೋಳಿ ರೆಕ್ಕೆ ಅಗಲಿಸಿ ನೆಲಕ್ಕೆ ಒತ್ತಿ ಕೂತಿತ್ತು.

"ಅಲ್ಲೇ ಇರ್ರಿ! ಇನ್ನೊಂದು ಸುತ್ತು ಬರತೈತಿ ಅದು. ಟವಲು ಕೆಳಗ ಇಳಸಬ್ಯಾಡ್ರಿ! ನಾ ಹೇಳೋತನಕ ಹಂದಬ್ಯಾಡ್ರಿ ಮತ್ತ!"

"ಹೂಂ," ಎಂದ ಅಂಬಪ್ಪ. ಎರಡೂ ಕೈಯಲ್ಲಿ ಟವೆಲು ಎತ್ತಿ ಹಿಡಿದು ಬಯಲ ನಡುವೆ ನಿಂತ. ಕಾಲಡಿಯ ಮಣ್ಣು ಸುಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕೋಳಿಯ ರೆಕ್ಕೆಯಡಿಯಿಂದ ಒಂದು ಬೂದುಬಣ್ಣದ ಮರಿ ತಲೆ ಹೊರಗೆ ಹಾಕಿತು. ಅತ್ತಿತ್ತ ನೋಡಿ, ಬಿಸಿ ನೆಲದ ಮೇಲೆ ಪುಟಪುಟನೆ ಓಡಿ ಬಂದು ಅವನ ಕಾಲ ಬಳಿ ಬಿದ್ದಿದ್ದ ಟವೆಲಿನ ನೆರಳಿನಲ್ಲಿ ನಿಂತಿತು. ಅದರ ಹಿಂದೆ ಇನ್ನೊಂದು ಬಂತು. ಆಮೇಲೆ ಮೂರು ಒಟ್ಟಿಗೆ. ಅಂಬಪ್ಪ ಟವೆಲನ್ನು ಇನ್ನಷ್ಟು ಅಗಲಿಸಿ ಹಿಡಿದ.